ಹಿತ್ತಲ ಕೋಣೆಯ ರೊಟ್ಟಿಮೀನು

ಮದುವೆಯಾಗಿ ಮಹಾರಾಷ್ಟ್ರದ ಗಡಿಯ ಉಮರ್ಗಾಕ್ಕೆ ಬಂದ ಎರಡನೆಯ ಬೇಸಿಗೆಯಲ್ಲಿ ನನ್ನ ಗಂಡ ನನಗೂ ಹೇಳದೆ, ತಮ್ಮ ತಾಯಿಗೂ ಹೇಳದೆ, ಸಿಹಿನೀರಿನ ಎರಡು ಸ್ಟಿಂಗ್‌ರೇ ಮೀನುಗಳನ್ನು ಟೆಂಪೊದಲ್ಲಿ ಹಾಕಿಕೊಂಡು ಮನೆಗೆ ಬಂದರು. ನಮ್ಮದು ಲಿಂಗಾಯತರ ಮನೆ. ಅಡುಗೆಮನೆಯಲ್ಲಿ ಮೊಟ್ಟೆಯ ಹೆಸರು ತೆಗೆದರೂ ಅತ್ತೆ ಮುಖ ಸಿಂಡರಿಸುತ್ತಿದ್ದರು. ನಾನು ಆಳಂದದ ಕಡೆಯವಳು. ಸಂತೆಯಲ್ಲಿ ಮೀನು ಮಾರುವವರ ಸಾಲು ಬಂದರೆ ಸೆರಗನ್ನು ಮೂಗಿಗೆ ಹಿಡಿದು ದಾಟಿದವಳೇ ಹೊರತು, ಜೀವ ಇರುವ ಮೀನನ್ನು ಹತ್ತಿರದಿಂದ ನೋಡಿದವಳಲ್ಲ.

ನನ್ನ ಗಂಡನದು ಹೆದ್ದಾರಿಯ ಬದಿಗೆ ಮೋಟಾರ್ ವೈಂಡಿಂಗ್ ಅಂಗಡಿ. ಬೋರಿನ ಮೋಟಾರು ಸುಟ್ಟರೆ ಸುತ್ತಲಿನ ಹಳ್ಳಿಗಳವರು ಅವರ ಹತ್ತಿರವೇ ತರುತ್ತಾರೆ. ಯೆಣೆಗೂರದ ಹತ್ತಿರ ಒಂದು ಧಾಬಾ ಇತ್ತು. ಹೆಂಡತಿ ಮಕ್ಕಳನ್ನು ಕರೆದುಕೊಂಡು ಹೋಗುವ ಕಾರಿನವರು ನಿಲ್ಲಲಿ ಎಂದು ಅದರ ಮಾಲೀಕ ಬಾಗಿಲಲ್ಲೇ ದೊಡ್ಡದೊಂದು ಗಾಜಿನ ತೊಟ್ಟಿಯಲ್ಲಿ ಮೀನು ಇಟ್ಟಿದ್ದ. ಅದರ ಪಂಪು ಕೆಟ್ಟಾಗಲೆಲ್ಲ ಇವರೇ ಹೋಗಿ ಸರಿಮಾಡುತ್ತಿದ್ದರು. ರಸ್ತೆ ಅಗಲ ಮಾಡುವಾಗ ಧಾಬಾದ ಅರ್ಧ ಜಾಗ ಹೋಯಿತು. ಮಾಲೀಕ ಗಂಟುಮೂಟೆ ಕಟ್ಟಿ ಸೊಲ್ಲಾಪುರಕ್ಕೆ ಹೊರಟು ನಿಂತವನು ಇವರನ್ನು ಕರೆಸಿ, "ಮಿಸ್ತ್ರಿ, ಇವು ಎರಡೂ ನೀವೇ ಒಯ್ರಿ. ಇಲ್ಲಾಂದ್ರ ಕೆರ್ಯಾಗ ಬಿಟ್ಟು ಹೋಗ್ತೀನಿ" ಅಂದನಂತೆ. ಕೆರೆಯಲ್ಲಿ ಬಿಟ್ಟರೆ ಒಂದೋ ಅವು ಸಾಯುತ್ತವೆ, ಇಲ್ಲವೋ ದನ ತೊಳೆಯಲು ಇಳಿದವರ ಕಾಲಿಗೆ ಬಾಲದ ವಿಷಮುಳ್ಳು ಚುಚ್ಚುತ್ತವೆ. ಅದನ್ನು ಯೋಚಿಸಿ ಇವರು ತೊಟ್ಟಿ, ಪಂಪು, ಮೀನು ಎಲ್ಲವನ್ನೂ ಏರಿಸಿಕೊಂಡು ಬಂದುಬಿಟ್ಟಿದ್ದರು.

ಅಂಗಳದಲ್ಲಿ ಇಳಿಸಿದ ನೀಲಿ ಪ್ಲಾಸ್ಟಿಕ್ ಟಬ್ಬಿನೊಳಗೆ ಅತ್ತೆ ಬಗ್ಗಿ ನೋಡಿದರು. ತಳಕ್ಕೆ ಅಂಟಿಕೊಂಡಂತೆ ಎರಡು ದುಂಡನೆಯ ಚಪ್ಪಟೆ ಆಕೃತಿಗಳು. ಕಂದು ಮೈಮೇಲೆ ಕಿತ್ತಳೆ ಬಣ್ಣದ ಬೊಟ್ಟುಗಳು, ಪ್ರತಿ ಬೊಟ್ಟಿನ ಸುತ್ತ ಕಪ್ಪು ಉಂಗುರ. ಬೆನ್ನ ಮೇಲೆ ಎರಡು ಉಬ್ಬುಗಣ್ಣು. ಹಿಂದೆ ಚಾಟಿಯಂಥ ಬಾಲ, ಬಾಲದ ಮೇಲೊಂದು ಮುಳ್ಳು.

"ಇದು ಮೀನಾ?" ಅತ್ತೆ ಅಂದರು. "ಯಾರೋ ರೊಟ್ಟಿ ಬಡದು, ಹಂಚಿನ ಮ್ಯಾಲಿಂದ ತಗದು ನೀರಾಗ ಒಗದಂಗ ಅದಲ್ಲೊ!"

"ಕೆರ್ಯಾಗ ಬಿಡ್ತೀನಿ ಅನ್ಲತ್ತಿದ್ದ ಅವ್ವಾ. ಸಾಯ್ತಾವ ಪಾಪ."

"ನಿನಗ ಜೀವದ ಮ್ಯಾಲ ಕರುಣಾ ಅದ, ಛಲೋ ಆತು. ಇವು ಏನ ತಿಂತಾವ, ಅದು ಹೇಳು."

ಇವರು ತಲೆ ಕೆರೆದುಕೊಂಡರು. "ಸೀಗಡಿ... ಮತ್ತ ಎರೆಹುಳ."

ಅತ್ತೆ ಅಲ್ಲೇ ತೀರ್ಪು ಕೊಟ್ಟರು. "ಲಿಂಗಪೂಜಿ ಆಗೋ ಮನಿ ಇದು. ಪಡಸಾಲಿಗೆ ತರಬ್ಯಾಡ. ಹಿತ್ತಲ ಕೋಣ್ಯಾಗ ಇಡು. ಅದರ ಊಟ ನನ್ನ ಹೊಸ್ತಿಲ ದಾಟಬಾರದು."

ಹಿತ್ತಲ ಕೋಣೆಯಲ್ಲಿ ದಾಳಿಂಬ ಎಂಬ ಊರಿನ ನಮ್ಮ ಹೊಲದಿಂದ ಬಂದ ತೊಗರಿ, ಜೋಳದ ಚೀಲಗಳು ಇರುತ್ತಿದ್ದವು. ಅದಕ್ಕೆ ಓಣಿಯ ಕಡೆಗೂ ಒಂದು ಬಾಗಿಲಿತ್ತು. ಚೀಲಗಳನ್ನು ಒಂದು ಗೋಡೆಗೆ ಒಟ್ಟಿ, ಇನ್ನೊಂದು ಗೋಡೆಗೆ ತೊಟ್ಟಿ ಕೂರಿಸಿದರು. ಆರಡಿ ಉದ್ದ, ಮೂರಡಿ ಅಗಲ, ಎತ್ತರ ಮೊಣಕಾಲಿಗಿಂತ ಒಂದಿಷ್ಟು ಜಾಸ್ತಿ. ಈ ಮೀನಿಗೆ ಆಳ ಬೇಡ, ಅಗಲ ಬೇಕು ಎಂಬುದನ್ನು ನಾನು ಕಲಿತದ್ದು ಆ ದಿನ.

ಊಟದ ಪ್ರಶ್ನೆಯನ್ನು ಬಿಡಿಸಿದವರು ನಾಲ್ಕು ಮನೆ ಆಚೆಗಿದ್ದ, ಬಟ್ಟೆ ಹೊಲಿಯುವ ಮುಸ್ಲಿಂ ಹೆಂಗಸು. ಅವರನ್ನು ಓಣಿಯವರೆಲ್ಲ ಆಪಾ ಅನ್ನುತ್ತಿದ್ದರು, ನಾನೂ ಹಾಗೇ ಅನ್ನುತ್ತಿದ್ದೆ. ಹೈದರಾಬಾದಿನಿಂದ ಬರುವ ಗಾಡಿಯಲ್ಲಿ ಮಂಜುಗಡ್ಡೆಯ ಸೀಗಡಿ ತರಿಸುವ ದಾರಿ ಅವರಿಗೆ ಗೊತ್ತಿತ್ತು. ತಮ್ಮ ಫ್ರಿಜ್ಜಿನಲ್ಲಿ ನಮ್ಮದೊಂದು ಸ್ಟೀಲಿನ ಡಬ್ಬಿ ಇಟ್ಟುಕೊಂಡರು. ಮೊದಲ ದಿನ ಅವರ ಹಿತ್ತಲ ಕಲ್ಲಿನ ಮೇಲೆ ಕುಳಿತು ಸೀಗಡಿಯ ಸಿಪ್ಪೆ ಬಿಡಿಸುವಾಗ ನಾನು ಮುಖ ಆಚೆ ತಿರುಗಿಸಿದ್ದೆ.

"ಅರೇ, ಕಣ್ಣ ಮುಚ್ಚಿ ಕೊಯ್ದ್ರ ಬೆರಳು ಹೋಗ್ತದ ನೋಡು" ಅಂದರು ಆಪಾ. "ತಿನ್ನೋಳು ನೀ ಅಲ್ಲ, ಅದು. ಅದರ ಪರವಾಗಿ ಕೊಯ್ಯಿ."

ತಿರುಗಿ ಬಂದು ಕಡಲೆಹಿಟ್ಟು ಹಚ್ಚಿ ಮೂರು ಸಲ ಕೈ ತೊಳೆದರೂ ನನಗೆ ವಾಸನೆ ಹೋದಂತೆ ಅನ್ನಿಸುತ್ತಿರಲಿಲ್ಲ. ನಾನು ಅಡುಗೆಮನೆಗೆ ಕಾಲಿಡುವಾಗ ಅತ್ತೆ ಒಂದು ಸಲ ನನ್ನ ಕೈಯನ್ನು ನೋಡುತ್ತಿದ್ದರು, ಅಷ್ಟೆ.

ಮೊದಲ ವಾರವೇ ದೊಡ್ಡ ತಪ್ಪಾಯಿತು. ಧಾಬಾದಿಂದ ಬಂದ ಫಿಲ್ಟರಿನ ಸ್ಪಂಜು ಕೆಸರಿನಂತೆ ಇತ್ತು. ಹೊಲಸು ಎಂದುಕೊಂಡು ನಾನು ಅದನ್ನು ನಲ್ಲಿಯ ಕೆಳಗೆ ಹಿಡಿದು ಸಾಬೂನು ಹಾಕಿ, ಒಗೆದ ಬಿಳಿ ಅರಿವೆಯ ಹಾಗೆ ಮಾಡಿದೆ. ನನ್ನ ಗಂಡನಿಗೆ ತೋರಿಸಿ ಶಾಬ್ಬಾಸ್ ಅನ್ನಿಸಿಕೊಂಡೆ ಕೂಡ. ನಾಲ್ಕನೆಯ ದಿನಕ್ಕೆ ನೀರು ಮಜ್ಜಿಗೆಯ ತಿಳಿಯಂತಾಯಿತು. ಮೀನುಗಳು ಸೀಗಡಿಯನ್ನು ಮುಟ್ಟಲಿಲ್ಲ. ಅವುಗಳ ಮೈಯ ಅಂಚು ಒಣಗಿದ ಎಲೆಯ ಹಾಗೆ ಮೇಲಕ್ಕೆ ಸುರುಳಿಗಟ್ಟತೊಡಗಿತು.

ಧಾಬಾದವನು ಈ ಮೀನುಗಳನ್ನು ಕೊಂಡದ್ದು ಉದಗೀರದಲ್ಲಿ. ಅಲ್ಲಿ ಶಾಲೆಯ ಕೆಲಸದಿಂದ ನಿವೃತ್ತರಾದ ಒಬ್ಬ ಮಾಸ್ತರರು ಮನೆಯಲ್ಲೇ ಮೀನು ಸಾಕಿ ಮಾರುತ್ತಿದ್ದರು. ಇವರು ಅವರಿಗೆ ಫೋನು ಹಚ್ಚಿ ನನ್ನ ಕೈಗೆ ಕೊಟ್ಟರು. ನಾನು ಸಾಬೂನಿನ ಸಂಗತಿ ಹೇಳುತ್ತಿದ್ದಂತೆ ಆ ಕಡೆಯಿಂದ ಬೈಗುಳ ಶುರುವಾಯಿತು.

"ಅಹೋ ತಾಯಿ, ಆ ಕೆಸರೇ ಜೀವ ಅಲ್ರೀ! ಮೀನಿನ ವಿಷ ತಿನ್ನೋ ಸಣ್ಣ ಸಣ್ಣ ಜೀವ ಅದರಾಗ ಇರ್ತಾವ. ನೀವ್ ಅವನ್ನೆಲ್ಲ ಸಾಬೂನ ಹಾಕಿ ಕೊಂದೀರಿ." ಆಮೇಲೆ ನನ್ನ ದನಿ ನಡುಗುತ್ತಿರುವುದು ಕೇಳಿಸಿತೋ ಏನೋ, ಮೆತ್ತಗಾದರು. "ಅಳಬ್ಯಾಡ್ರಿ. ದಿನಾ ಅರ್ಧ ನೀರು ತಗದು ಹೊಸಾದು ಹಾಕ್ರಿ. ಬೋರಿನ ನೀರು ಬ್ಯಾಡ, ಸುಣ್ಣ ಭಾಳ. ನಳದ ನೀರು ಎರಡು ದಿನ ಇಟ್ಟು ಹಾಕ್ರಿ. ಪಾಣಿ ಸಾಂಭಾಳಾ, ಮಾಸಾ ಆಪೋಆಪ ಜಗತೋ." ನೀರನ್ನು ಜೋಪಾನ ಮಾಡಿ, ಮೀನು ತಾನಾಗಿ ಬದುಕುತ್ತದೆ ಎಂಬ ಆ ಮರಾಠಿ ಮಾತನ್ನು ಇವರು ಸೀಮೆಸುಣ್ಣದಲ್ಲಿ ಕೋಣೆಯ ಗೋಡೆಗೆ ಬರೆದಿಟ್ಟರು.

ನಮ್ಮ ಓಣಿಗೆ ನಳ ಬರುವುದು ನಾಲ್ಕೈದು ದಿನಕ್ಕೊಮ್ಮೆ. ಎರಡು ದಿನ ಕೂಡಿಸಿಟ್ಟ ನೀರು ಯಾರ ಮನೆಯಲ್ಲಿದೆ ಎಂದು ಕೇಳುತ್ತ ನಾನು ಕೊಡ ಹಿಡಿದು ಮನೆಮನೆ ತಿರುಗಿದೆ. ಆಪಾ ತಮ್ಮ ಡ್ರಮ್ಮನ್ನೇ ಬಿಟ್ಟುಕೊಟ್ಟರು. ಹತ್ತು ದಿನ ಹೀಗೆ ಹೊತ್ತ ಮೇಲೆ ಒಂದು ಬೆಳಿಗ್ಗೆ ಹೆಣ್ಣುಮೀನು ಮರಳಿನ ಮೇಲೆ ಸಪಾಟಾಗಿ ಹರಡಿ ಮಲಗಿತ್ತು, ಅಂಚುಗಳು ಇಳಿದಿದ್ದವು. ಸೀಗಡಿಯ ತುಂಡು ಬಿಟ್ಟೆ. ಅದು ತೇಲಿ ಬಂದು ತುಂಡಿನ ಮೇಲೆ ಕೌದಿ ಹೊದಿಸಿದ ಹಾಗೆ ಕುಳಿತುಕೊಂಡಿತು. ಸರಿದಾಗ ತುಂಡು ಇರಲಿಲ್ಲ. ಖುಷಿಗೆ ನಾನು ಕೂಗಿದ್ದು ಕೇಳಿ ಅತ್ತೆ ಬಾಗಿಲವರೆಗೆ ಬಂದು, "ತಿಂತಾ?" ಅಂತ ಕೇಳಿದರು. ತಿಂತ್ರಿ ಅತ್ತಿ ಅಂದೆ. "ಹಂ" ಅಂದು ಹೋದರು.

ಮಳೆಗಾಲ ಬಂದ ಮೇಲೆ ನೀರಿನ ಕಷ್ಟ ಕಡಿಮೆಯಾಯಿತು. ತಗಡಿನ ಮಾಡಿನಿಂದ ಇಳಿಯುವ ಮಳೆನೀರನ್ನು ಡ್ರಮ್ಮಿಗೆ ಹಿಡಿದೆವು. ಆ ಮೆತ್ತನೆಯ ನೀರು ಬಿದ್ದ ದಿನ ಮೀನುಗಳು ಕುಣಿಯುತ್ತಿದ್ದವು ಎಂದೇ ನನಗೆ ನೆನಪು. ಗಾಜಿನ ಗೋಡೆಗೆ ಹೊಟ್ಟೆ ಹಚ್ಚಿ ಮೇಲೆ ಕೆಳಗೆ ಈಜುವವು. ಆಗ ಅವುಗಳ ಬಿಳಿ ಹೊಟ್ಟೆಯಲ್ಲಿ ಬಾಯಿ, ಮೂಗು ಕಂಡು, ಯಾವುದೋ ಕೂಸು ಕಿಟಕಿಗೆ ಮುಖ ಒತ್ತಿ ನಕ್ಕ ಹಾಗೆ ಕಾಣುತ್ತಿತ್ತು. ಆ ವರ್ಷದ ಶ್ರಾವಣದ ಹೊತ್ತಿಗೆ ಹೆಣ್ಣು ನನ್ನ ಬೆರಳ ತುದಿಯಿಂದ ತುಂಡು ತೆಗೆದುಕೊಳ್ಳುತ್ತಿತ್ತು. ಅದರ ಮೈ ಒದ್ದೆ ರೇಷ್ಮೆಯಂತೆ. ಮಧ್ಯಾಹ್ನ ಕೆಲಸ ಮುಗಿಸಿ ನಾನು ಚೀಲಕ್ಕೆ ಒರಗಿ ಕುಳಿತರೆ ಹೊತ್ತು ಹೋದದ್ದೇ ತಿಳಿಯುತ್ತಿರಲಿಲ್ಲ. ಹೊಸ ಊರು, ಅರ್ಧ ಮರಾಠಿ ಅರ್ಧ ಕನ್ನಡದ ಮಾತು, ತವರಿನ ನೆನಪು, ಇವೆಲ್ಲ ಆ ಕೋಣೆಯೊಳಗೆ ಸ್ವಲ್ಪ ಹಗುರಾಗುತ್ತಿದ್ದವು. ಅತ್ತೆ ಆಗಾಗ ಜೋಳ ತೆಗೆಯುವ ನೆಪದಲ್ಲಿ ಬರುವರು. ಒಂದು ಸೇರು ಜೋಳ ತೆಗೆಯಲು ಅಷ್ಟು ಹೊತ್ತು ಬೇಕಿರಲಿಲ್ಲ.

ದಸರೆಯ ಮುಂದೆ ನನಗೆ ಮುಳ್ಳು ಚುಚ್ಚಿತು. ಗಾಜಿನ ಪಾಚಿ ಒರೆಸುವಾಗ ಆಸರೆಗೆಂದು ಎಡಗೈಯನ್ನು ಮರಳಿನ ಮೇಲೆ ಊರಿದೆ. ಗಂಡುಮೀನು ಅಲ್ಲೇ ಮರಳು ಹೊದ್ದು ಮಲಗಿತ್ತು. ಬಾಲ ಬೀಸಿದ್ದು ಕಾಣಲೇ ಇಲ್ಲ. ಅಂಗೈಯಿಂದ ರಟ್ಟೆಯವರೆಗೆ ಕಾದ ಕಬ್ಬಿಣ ಎಳೆದ ಹಾಗಾಯಿತು. ನಾನು ಕಿರುಚಿ ಅಲ್ಲೇ ಕುಸಿದೆ.

ಅತ್ತೆ ಓಡಿ ಬಂದರು. ಬಿಸಿನೀರಿನಲ್ಲಿ ಕೈ ಇಡಬೇಕು ಎಂದು ಉದಗೀರದ ಮಾಸ್ತರರು ಹೇಳಿದ್ದನ್ನು ನಾನು ಹಲ್ಲು ಕಚ್ಚಿಕೊಂಡೇ ಹೇಳಿದೆ. ಸ್ನಾನಕ್ಕೆಂದು ಹಂಡೆಯಲ್ಲಿ ಕಾಯುತ್ತಿದ್ದ ನೀರನ್ನು ಅವರು ಬೋಗುಣಿಗೆ ಸುರಿದು, ತಾವು ಮೊದಲು ಕೈ ಅದ್ದಿ ನೋಡಿ, ಆಮೇಲೆ ನನ್ನ ಕೈ ಇಳಿಸಿದರು. ನೀರು ಆರಿದ ಹಾಗೆಲ್ಲ ಮತ್ತೆ ಬಿಸಿನೀರು ಬೆರೆಸಿದರು. ತಾಸು, ಒಂದೂವರೆ ತಾಸು ನನ್ನ ತಲೆಯನ್ನು ತಮ್ಮ ತೊಡೆಯ ಮೇಲೆ ಇಟ್ಟುಕೊಂಡು ಕುಳಿತರು. ನೋವು ಇಳಿದ ಮೇಲೆ ಇವರು ಬಂದು ಡಾಕ್ಟರ ಹತ್ತಿರ ಕರೆದುಕೊಂಡು ಹೋಗಿ ಇಂಜೆಕ್ಷನ್ ಹಾಕಿಸಿದರು.

ಇನ್ನು ಮೀನು ಮನೆಯಲ್ಲಿ ಉಳಿಯುವುದಿಲ್ಲ ಎಂದು ನನಗೆ ಖಾತ್ರಿಯಾಗಿತ್ತು. ಊಟಕ್ಕೆ ಕುಳಿತಾಗ ಇವರೇ ಮಾತು ತೆಗೆದರು. "ಅವ್ವಾ, ಯಾರಿಗೆರೆ ಕೊಟ್ಟುಬಿಡಲೇನು?"

ಅತ್ತೆ ಅವರತ್ತ ನೋಡದೆ ನನ್ನ ತಟ್ಟೆಗೆ ರೊಟ್ಟಿ ಹಾಕಿದರು. "ಅದು ತನ್ನ ಪಾಡಿಗೆ ಮಲಗಿತ್ತು. ಈಕಿ ಹೋಗಿ ಮೈಮ್ಯಾಲ ಕೈ ಇಟ್ಟಾಳ. ಮಲಗಿದಾಗ ನನ್ನ ಮ್ಯಾಲ ಹಂಗ ಕೈ ಊರಿದ್ರ ನಾನೂ ಬಡೀತಿದ್ದೆ."

ನನಗೆ ನಗು ಬಂತು. ನೋವಿನ ಕೈ ಹಿಡಿದುಕೊಂಡೇ ನಕ್ಕೆ.

ಮುಂದಿನ ವರ್ಷದ ಚಳಿಗಾಲದಲ್ಲಿ ಗಂಡು ಹೆಣ್ಣಿನ ಬೆನ್ನು ಹತ್ತಿ ಅದರ ಅಂಚನ್ನು ಕಚ್ಚತೊಡಗಿತು. ಹೆಣ್ಣಿನ ಮೈ ಅಲ್ಲಲ್ಲಿ ಹರಿದು ಬಿಳಿ ಬಿಳಿ ಕಾಣುತ್ತಿತ್ತು. ಅದು ಅವುಗಳ ಕೂಡುವ ರೀತಿ ಎಂದು ಮಾಸ್ತರರು ಫೋನಿನಲ್ಲಿ ಸಮಾಧಾನ ಹೇಳಿದರು. ಅತ್ತೆಗೆ ಮಾತ್ರ ಸಿಟ್ಟು. "ಮಂಗ್ಯಾನಂಥಾದು, ನಡುವ ಒಂದು ಜಾಳಿಗಿ ಕಟ್ಟು ಮೊದಲ" ಎಂದು ಮಗನ ಬೆನ್ನು ಹತ್ತಿ ತೊಟ್ಟಿಯ ನಡುವೆ ಪ್ಲಾಸ್ಟಿಕ್ ಜಾಳಿಗೆ ಹಾಕಿಸಿದರು. ಗಂಡು ಒಂದು ಕಡೆ, ಹೆಣ್ಣು ಒಂದು ಕಡೆ. ಹೋಳಿ ಹುಣ್ಣಿಮೆಯ ಹೊತ್ತಿಗೆ ಹೆಣ್ಣಿನ ಬೆನ್ನು ಎರಡೂ ಬದಿಗೆ ಉಬ್ಬಿತ್ತು.

ಆಗಲೇ ಆಣಿಕಲ್ಲಿನ ಮಳೆ ಬಿದ್ದದ್ದು. ಮಧ್ಯಾಹ್ನ ಮೂರರ ಸುಮಾರಿಗೆ ಆಕಾಶ ಕಪ್ಪಾಗಿ, ತಗಡಿನ ಮಾಡಿನ ಮೇಲೆ ಜಲ್ಲಿ ಸುರಿದ ಹಾಗೆ ಶುರುವಾಯಿತು. ಅರ್ಧ ತಾಸಿನಲ್ಲಿ ನಿಂತಿತು. ಆದರೆ ಓಣಿಯ ತುದಿಯ ಕರೆಂಟಿನ ಕಂಬ ಉರುಳಿತ್ತು. ಪಂಪು ನಿಂತಿತು. ಇವರು ದಾಲ್ ಮಿಲ್ಲಿನ ಮೋಟಾರು ರಿಪೇರಿಗೆಂದು ನಿಲಂಗಾಕ್ಕೆ ಹೋಗಿದ್ದರು, ಫೋನು ಹತ್ತಲಿಲ್ಲ. ತಾಸು ಕಳೆಯುವಷ್ಟರಲ್ಲಿ ಹೆಣ್ಣುಮೀನು ನೀರಿನ ಮೇಲಕ್ಕೆ ಬಂದು ಉಸಿರು ಸಾಲದವರ ಹಾಗೆ ಒದ್ದಾಡತೊಡಗಿತು.

ಕರೆಂಟು ಹೋದರೆ ನೀರನ್ನು ಎತ್ತರದಿಂದ ಸುರಿಯಬೇಕು, ಗಾಳಿ ಬೆರೆಯುತ್ತದೆ ಎಂದು ಗೊತ್ತಿತ್ತು. ನಾನು ಚರಿಗೆ ತೆಗೆದುಕೊಂಡು ತೊಟ್ಟಿಯ ನೀರನ್ನೇ ಮೊಗೆದು ತಲೆಯ ಎತ್ತರದಿಂದ ಸುರಿಯತೊಡಗಿದೆ. ಹತ್ತು ನಿಮಿಷಕ್ಕೆ ತೋಳು ಸತ್ತವು. ಹಿಂದೆ ತಿರುಗಿದರೆ ಅತ್ತೆ ಸೀರೆಯ ನಿರಿಗೆ ಎತ್ತಿ ಸಿಕ್ಕಿಸಿಕೊಂಡು ಇನ್ನೊಂದು ಚರಿಗೆ ಹಿಡಿದು ನಿಂತಿದ್ದರು. ಎರಡು ವರ್ಷದಲ್ಲಿ ಆ ನೀರಿಗೆ ಅವರು ಕೈ ಹಾಕಿದ್ದು ಅದೇ ಮೊದಲು.

"ಸರಿ ಆಕಡಿ" ಅಂದರು.

ಓಣಿಯಲ್ಲಿ ಬಿದ್ದ ಆಣಿಕಲ್ಲು ತುಳಿಯುತ್ತ ಆಪಾ ಬಂದರು. ಮೂವರೂ ಸರದಿ ಹಚ್ಚಿದೆವು. ಇಬ್ಬರು ಸುರಿದರೆ ಒಬ್ಬರು ಕೂರುವುದು. ನಡುವೆ ಅತ್ತೆಗೆ ಒಂದು ಉಪಾಯ ಹೊಳೆಯಿತು.

"ಏ ಹುಡಗಿ, ಆ ಫವಾರಣಿ ಪಂಪ ಅದಲ್ಲ, ಸೋಯಾಬೀನಿಗೆ ಹೊಡೆಯೋದು? ಬ್ಯಾಟರಿದು. ಅದನ್ನ ಹಚ್ಚು, ತಾನಾ ನೀರು ಚಿಮ್ಮತದ." ಮೂಲೆಯಲ್ಲಿದ್ದ ಪಂಪನ್ನು ಎಳೆದೇಬಿಟ್ಟರು.

"ಬ್ಯಾಡ್ರಿ ಅತ್ತಿ! ಅದರಾಗ ಹುಳದ ಔಷಧ ಹಾಕಿದ್ದದ!" ನಾನು ಕೂಗಿದ ರಭಸಕ್ಕೆ ಅತ್ತೆ ಅದನ್ನು ಅಲ್ಲೇ ಬಿಟ್ಟು ಕೈ ಝಾಡಿಸಿಕೊಂಡರು. ಅತ್ತೆಗೆ ಎದುರು ದನಿ ಎತ್ತಿದ್ದು ಅದೊಂದೇ ಸಲ. ಅವರು ಮತ್ತೆ ಕೈ ತೊಳೆದು ಬಂದು ಚರಿಗೆ ಹಿಡಿದರು. "ಶಿವಾ ಶಿವಾ, ಕೊಲ್ಲತಿದ್ನಲ್ಲ" ಎಂದು ಗೊಣಗುತ್ತ ಸುರಿದರು.

ಕತ್ತಲಾಗುವ ಮುಂಚೆ ಇವರು ಮೈಯೆಲ್ಲ ಕೆಸರಾಗಿ ಬೈಕಿನಲ್ಲಿ ಬಂದರು. ಬಿದ್ದ ಗಿಡಗಳನ್ನು ಸುತ್ತುಹಾಕಿ ಬಂದಿದ್ದರು. ನಮ್ಮ ಅವಸ್ಥೆ ನೋಡಿ ನೇರ ಕೆಲಸಕ್ಕೆ ಇಳಿದರು. ಆ ಫವಾರಣಿ ಪಂಪಿನ ಬ್ಯಾಟರಿಯನ್ನು ಮಾತ್ರ ಬಿಚ್ಚಿ, ಅಂಗಡಿಯಿಂದ ತಂದ ಒಂದು ಪುಟ್ಟ ಮೋಟಾರಿಗೆ ಜೋಡಿಸಿ ತೊಟ್ಟಿಗಿಳಿಸಿದರು. ನೀರು ಬುಳುಬುಳು ಎಂದಿತು. ಆಪಾ ತಮ್ಮ ಮನೆಯಿಂದ ಕೆಟಲಿನಲ್ಲಿ ಚಹಾ ತಂದರು. ಅವರ ಮನೆಯ ನೀರನ್ನೂ ಮುಟ್ಟದ ಅತ್ತೆ, ಜೋಳದ ಚೀಲದ ಮೇಲೆ ಕುಳಿತು ಎರಡು ಕಪ್ಪು ಕುಡಿದರು. "ಸಕ್ಕರಿ ಕಡಿಮಿ ಆಗ್ಯಾದ" ಅಂದರು. ಆಪಾ ಮತ್ತೆ ಹೋಗಿ ಸಕ್ಕರೆ ತಂದರು.

ಯುಗಾದಿ ಕಳೆದು ನಾಲ್ಕು ದಿನಕ್ಕೆ, ಬೆಳಿಗ್ಗೆ ಅತ್ತೆಯ ಕೂಗು ಕೇಳಿ ನಾವಿಬ್ಬರೂ ಓಡಿದೆವು. ಮರಳಿನ ಮೇಲೆ ಐದು ಮರಿಗಳು. ಒಂದೊಂದೂ ಅಂಗೈಯಷ್ಟೂ ಇಲ್ಲ. ಬೊಟ್ಟು, ಉಂಗುರ, ಬಾಲ, ಎಲ್ಲ ತಾಯಿಯ ಹಾಗೆಯೇ. ಒಂದು ಅಲುಗಾಡುತ್ತಿರಲಿಲ್ಲ. ನಾಲ್ಕು ಅಂಚು ಕುಣಿಸುತ್ತ ಓಡಾಡುತ್ತಿದ್ದವು.

"ಮೀನು ತತ್ತಿ ಇಡ್ತಾವ ಅಂತಿದ್ರಿ. ಇದು ಹಡೆದದ!" ಅತ್ತೆಯ ಕಣ್ಣು ಅಗಲವಾಗಿದ್ದವು. "ನಮ್ಮಂಗ ಹಡೆದದ ನೋಡ್ರಿ!"

ಸತ್ತ ಮರಿಯನ್ನು ಅವರೇ ಬಟ್ಟೆಯಲ್ಲಿ ಸುತ್ತಿಸಿ ಕರಿಬೇವಿನ ಗಿಡದ ಬುಡಕ್ಕೆ ಹೂಳಿಸಿದರು. ಮಾಸ್ತರರ ಮಾತಿನಂತೆ ಮರಿಗಳನ್ನು ಬೇರೆ ಟಬ್ಬಿಗೆ ಹಾಕಬೇಕೆಂದಾಗ, "ತಾಯಿನ್ನ ಬಿಡಿಸಬ್ಯಾಡ್ರಿ" ಎಂದು ಹಟ ಹಿಡಿದರು. ಕೊನೆಗೆ ಆ ತೊಟ್ಟಿಯಲ್ಲೇ ತಾಯಿಯ ಪಕ್ಕ ಇನ್ನೊಂದು ಸಣ್ಣ ಜಾಳಿಗೆ ಕಟ್ಟಿ ರಾಜಿಯಾದೆವು. ಆ ದಿನ ಮನೆಯಲ್ಲಿ ಸಿಹಿಗೆಂದು ಸಜ್ಜಕ ಮಾಡಿದ್ದೆವು. ಒಂದು ಬಟ್ಟಲು ಆಪಾ ಅವರ ಮನೆಗೂ ಹೋಯಿತು.

ಮೂರು ದಿನ ಮರಿಗಳಿಗೆ ಹಸಿವಿರಲಿಲ್ಲ. ನಾಲ್ಕನೆಯ ದಿನ ಸೀಗಡಿಯನ್ನು ಎಷ್ಟು ಸಣ್ಣಗೆ ಕೊಚ್ಚಿ ಹಾಕಿದರೂ ಮೂಸಿ ಬಿಟ್ಟವು. ಅವಕ್ಕೆ ಜೀವವಿರುವ ಸಣ್ಣ ಎರೆಹುಳವೇ ಬೇಕು ಎಂದರು ಮಾಸ್ತರರು. ನನಗೆ ಅಳು ಬಂತು. ಸೀಗಡಿಯಾದರೋ ಸತ್ತೇ ಬರುತ್ತಿತ್ತು. ಮರುದಿನವೂ ಮರಿಗಳು ಏನೂ ತಿನ್ನಲಿಲ್ಲ.

ಆರನೆಯ ದಿನ ನಾನು ಏಳುವಷ್ಟರಲ್ಲಿ ಅತ್ತೆ ಮನೆಯಲ್ಲಿರಲಿಲ್ಲ. ಹಿತ್ತಲಿನ ತಿಪ್ಪೆಯ ಹತ್ತಿರ ಕಳೆ ಕೀಳುವ ಖುರಪಿ ಹಿಡಿದು ಕುಕ್ಕುರುಗಾಲಲ್ಲಿ ಕುಳಿತಿದ್ದರು. ತೆಂಗಿನ ಚಿಪ್ಪಿನಲ್ಲಿ ಒದ್ದೆ ಮಣ್ಣು, ಮಣ್ಣಿನಲ್ಲಿ ದಾರದ ಎಳೆಯಂಥ ಹುಳುಗಳು. ಸ್ನಾನ, ಪೂಜೆ ಇನ್ನೂ ಆಗಿರಲಿಲ್ಲ.

"ಹಿಂಗ ನೋಡಬ್ಯಾಡ" ಅಂದರು ನನಗೆ. "ಹೊಲದಾಗ ಕುಂಟಿ ಹೊಡದಾಗ ಎಷ್ಟ ಸಾಯ್ತಾವ, ಯಾರು ನೋಡ್ಯಾರ? ಬಾಣಂತಿ ಮನ್ಯಾಗ ಕೂಸುಗಳ್ನ ಉಪಾಸ ಇಡಬಾರದು." ಖುರಪಿಯ ಮಣ್ಣು ಒರೆಸುತ್ತ, "ಲಿಂಗಪ್ಪಗ ನಾ ಹೇಳ್ಕೋತೀನಿ. ನೀ ಯಾರ ಮುಂದೂ ಹೇಳಬ್ಯಾಡ" ಅಂದರು.

ಅವರು ಪೂಜೆಗೆ ಕುಳಿತದ್ದು ಆ ದಿನ ಬಹಳ ಹೊತ್ತು. ಒಳಗೆ ಏನು ಹೇಳಿಕೊಂಡರೋ ನನಗೆ ಗೊತ್ತಿಲ್ಲ. ಆಮೇಲಿನ ದಿನಗಳಲ್ಲೂ ಹುಳುಗಳನ್ನು ಅವರೇ ತರುತ್ತಿದ್ದರು. ನೀರಿಗೆ ಬಿಡುವ ಕೆಲಸ ಮಾತ್ರ ನನ್ನದು. ಆಗ ಅವರು ಗೋಡೆಯ ಕಡೆ ಮುಖ ಮಾಡಿ ನಿಲ್ಲುತ್ತಿದ್ದರು, ಮರಿಗಳು ತಿಂದ ಮೇಲೆ ತಿರುಗುತ್ತಿದ್ದರು.

ನಾಲ್ಕೂ ಮರಿಗಳು ಬದುಕಿದವು. ಅದೇ ಮುಂದೆ ತೊಂದರೆಯಾಯಿತು. ದೀಪಾವಳಿಯ ಹೊತ್ತಿಗೆ ಹೆಣ್ಣುಮೀನು ರೊಟ್ಟಿಯ ಅಳತೆ ಮೀರಿ ಮೊರದಷ್ಟಾಗಿತ್ತು, ತಿರುಗುವಾಗ ಬಾಲ ಗಾಜಿಗೆ ಬಡಿಯುತ್ತಿತ್ತು. ಇಟ್ಟುಕೊಂಡರೆ ನಮ್ಮ ಆಸೆಗೆ ಇಟ್ಟುಕೊಂಡ ಹಾಗೆ ಎಂದು ಇವರು ಅಂದರು. ಉದಗೀರದ ಮಾಸ್ತರರ ಹಿತ್ತಿಲಲ್ಲಿ ಸಿಮೆಂಟಿನ ದೊಡ್ಡ ಹೊಂಡವಿತ್ತು. ಎಲ್ಲವನ್ನೂ ಅಲ್ಲಿಗೆ ಒಯ್ಯುವುದೆಂದು ತೀರ್ಮಾನವಾಯಿತು. ಒಂದು ಮರಿಯನ್ನಾದರೂ ಇಟ್ಟುಕೊಳ್ಳೋಣ ಎಂದು ನಾನು ಹೇಳಿದೆ. ಅತ್ತೆಯೇ ಬೇಡ ಅಂದರು. "ಒಂದನ್ನ ಒಬ್ಬಂಟಿ ಇಟ್ಟು ಏನ ಮಾಡ್ತಿ?"

ಮಾಸ್ತರರು ತಾವೇ ಬಂದು ಸಣ್ಣ ನಳಿಗೆಯ ತುಂಡುಗಳನ್ನು ಮುಳ್ಳಿಗೆ ತೊಡಿಸಿ, ಮೀನುಗಳನ್ನು ಟಬ್ಬುಗಳಿಗೆ ಇಳಿಸಿದರು. ಮುಂದಿನ ಸೀಟಿನಲ್ಲಿ ಕೂರಿರಿ ಎಂದರೂ ಕೇಳದೆ ಅತ್ತೆ ಟೆಂಪೊದ ಹಿಂದೆ ಹೆಣ್ಣುಮೀನಿನ ಟಬ್ಬಿನ ಪಕ್ಕ ಕುಳಿತರು. ಗುಂಡಿ ಬಂದಾಗೆಲ್ಲ ಟಬ್ಬನ್ನು ಎರಡೂ ಕೈಯಲ್ಲಿ ಹಿಡಿಯುತ್ತಿದ್ದರು. ನಿಲಂಗಾ ದಾಟಿ ಉದಗೀರ ಮುಟ್ಟುವಷ್ಟರಲ್ಲಿ ಅವರ ಸೀರೆ ಮೊಣಕಾಲವರೆಗೆ ತೊಯ್ದಿತ್ತು. ಹೊಂಡಕ್ಕೆ ಬಿಟ್ಟ ತಕ್ಷಣ ಮೀನುಗಳು ತಳಕ್ಕಿಳಿದು ಕಾಣದಾದವು. ಅತ್ತೆ ಸ್ವಲ್ಪ ಹೊತ್ತು ದಂಡೆಯ ಮೇಲೆ ಕಾದರು. ಯಾವುದೂ ಮೇಲೆ ಬರಲಿಲ್ಲ. ಮನೆಗೆ ಬಂದ ಮೇಲೆ, "ನಾಳಿ ಮುಂಜಾನಿ ನನಗ ಏನ ಕೆಲಸ ಇನ್ನ?" ಅಂದರು.

ಹೋದ ವರ್ಷ ನೆಂಟರ ಮದುವೆಗೆಂದು ಉದಗೀರಕ್ಕೆ ಹೋದಾಗ ನಾವು ಅತ್ತೆ ಸೊಸೆ ಇಬ್ಬರೂ ಮಾಸ್ತರರ ಮನೆಗೆ ಹೋಗಿದ್ದೆವು. ಹೆಣ್ಣು ಮತ್ತೆರಡು ಸಲ ಮರಿ ಹಾಕಿತ್ತು. ನಾನು ದಂಡೆಯಲ್ಲಿ ಕುಳಿತು ತುಂಡು ಹಿಡಿದು ನೀರಿಗೆ ಕೈ ಬಿಟ್ಟೆ. ಅದು ಹತ್ತಿರ ಬಂದು, ಸುತ್ತು ಹಾಕಿ, ಮಾಸ್ತರರ ಕೈಯ ಕಡೆಗೆ ಹೋಯಿತು. ನಾನು ತುಂಡನ್ನು ನೀರಿಗೆ ಬಿಟ್ಟು ಕೈ ಒರೆಸಿಕೊಂಡೆ. ಮಾಸ್ತರರಿಗೆ ಮುಜುಗರವಾಯಿತು.

ಅತ್ತೆ ಮಾತ್ರ ಸೆರಗಿನಿಂದ ಮುಖ ಒರೆಸಿಕೊಂಡು, "ಛಲೋ ಆತು" ಅಂದರು. "ನಮ್ಮನ್ನ ಮರತದ ಅಂದ್ರ ಇಲ್ಲಿ ಸುಖಾಗಿ ಅದ."

ತಿರುಗಿ ಬರುವಾಗ ನಿಲಂಗಾದ ಬಸ್‌ಸ್ಟ್ಯಾಂಡಿನಲ್ಲಿ ಬಸ್ಸು ಬಹಳ ಹೊತ್ತು ನಿಂತಿತು. ಹೊರಗೆ ಎಂದೂ ಏನೂ ತಿನ್ನದ ಅತ್ತೆ, ಕಿಟಕಿಯಿಂದ ಗಾಡಿಯವನನ್ನು ಕರೆದು ಆ ಊರಿನ ಹೆಸರಾದ ಮಸಾಲೆ ಅನ್ನ ನಿಲಂಗಾ ರೈಸ್ ಎರಡು ಪ್ಲೇಟು ತರಿಸಿದರು. ಖಾರಕ್ಕೆ ಇಬ್ಬರಿಗೂ ಕಣ್ಣಲ್ಲಿ ನೀರು ಬಂತು. ಒರೆಸಿಕೊಳ್ಳುತ್ತ, ಮೂಗು ಏರಿಸುತ್ತ, ಬಸ್ಸು ಹೊರಡುವವರೆಗೂ ನಾವು ಆ ಮರಿಗಳ ಬಗ್ಗೆಯೇ ಮಾತಾಡಿದೆವು.